ಕೃಷಿಹೊಂಡದ ಕಲ್ಲಿನಲ್ಲಿ ಟೈಟಾನಿಯಂ, ಅಲ್ಯೂಮಿನಿಯಂ, ಚಿನ್ನ: ಬಾಂಡ್ ಪೇಪರಿಗೆ ಸಹಿ ಹಾಕಬಹುದೇ?

ಪ್ರಶ್ನೆ: ಸರ್, ನಮ್ಮದು ಶಿರಹಟ್ಟಿ ತಾಲ್ಲೂಕು. ಕಪ್ಪತಗುಡ್ಡದ ಬುಡದಲ್ಲಿ ಐದು ಎಕರೆ ಮಸಾರಿ ಹೊಲವಿದೆ. ಹೋದ ಬೇಸಿಗೆಯಲ್ಲಿ ಕೃಷಿಹೊಂಡ ತೋಡಿಸುವಾಗ ಹತ್ತು ಅಡಿ ಕೆಳಗೆ ಹಸಿರು ಮಿಶ್ರಿತ ಬೂದು ಬಣ್ಣದ ಕಲ್ಲು ಸಿಕ್ಕಿತು. ಅದರಲ್ಲಿ ಬಿಳಿ ಗೆರೆಗಳಿವೆ. ಗೆರೆಗಳ ಅಂಚಿನಲ್ಲಿ ಜೋಳದ ಕಾಳಿನಷ್ಟು ದೊಡ್ಡ ಹಳದಿ ಚೌಕಗಳು ಹೊಳೆಯುತ್ತವೆ. ಸುದ್ದಿ ಕೇಳಿ ಒಬ್ಬರು ಬಂದು, ಪಿಸ್ತೂಲಿನಂಥ ಯಂತ್ರವನ್ನು ಕಲ್ಲಿಗೆ ಒತ್ತಿ ಹಿಡಿದು ಅರ್ಧ ನಿಮಿಷದಲ್ಲಿ ಚೀಟಿ ಕೊಟ್ಟರು. ಸಿಲಿಕಾನ್ 23, ಕಬ್ಬಿಣ 9, ಅಲ್ಯೂಮಿನಿಯಂ 7, ಕ್ಯಾಲ್ಸಿಯಂ 6.5, ಟೈಟಾನಿಯಂ 0.7, ಮ್ಯಾಂಗನೀಸ್ 0.15, ಸತು 0.01, ಚಿನ್ನ 0.002, ಎಲ್ಲವೂ ಶೇಕಡಾವಾರು. "ಟೈಟಾನಿಯಂನಿಂದ ವಿಮಾನ ಮಾಡುತ್ತಾರೆ, ನಿಮ್ಮ ಹೊಲದ ಬೆಲೆ ನಿಮಗೇ ಗೊತ್ತಿಲ್ಲ" ಎಂದರು. ಲ್ಯಾಬ್ ಪರೀಕ್ಷೆಗೆ ಮತ್ತು ಗಣಿ ಗುತ್ತಿಗೆಯ ಕಡತಕ್ಕೆಂದು ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಬಾಂಡ್ ಪೇಪರಿನ ಮೇಲೆ ಸಹಿಯೂ ಬೇಕಂತೆ. ಅಣ್ಣ ಸಹಿ ಹಾಕೋಣ ಎನ್ನುತ್ತಾನೆ. ಸರ್ಕಾರ ಹೊಲ ಕಸಿದುಕೊಳ್ಳುತ್ತದೆ ಎಂದು ಅವ್ವನಿಗೆ ನಿದ್ದೆ ಹತ್ತುತ್ತಿಲ್ಲ. ಇದರಲ್ಲಿ ನಿಜವೆಷ್ಟು? ಹೊಂಡದ ನೀರನ್ನು ದನಗಳಿಗೆ ಕುಡಿಸಬಹುದೇ?

ಉತ್ತರ: ಸಹಿ ಹಾಕಬೇಡಿ. ದುಡ್ಡನ್ನೂ ಕೊಡಬೇಡಿ. ಕಾರಣ ಉದ್ದವಾಗಿದೆ, ಆದರೆ ಅಣ್ಣನನ್ನು ಒಪ್ಪಿಸುವುದಕ್ಕೆ ನಿಮಗೆ ಅದೇ ಬೇಕಾಗುತ್ತದೆ. ಹಾಗಾಗಿ ಚೀಟಿಯಿಂದಲೇ ಶುರು ಮಾಡುತ್ತೇನೆ.

ಆ ಚೀಟಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಕೊನೆಯ ಒಂದು ಸಾಲನ್ನು ಬಿಟ್ಟರೆ ಅದು ಬಹಳ ಮಟ್ಟಿಗೆ ಸರಿಯಾಗಿಯೇ ಇರಬೇಕು. ಕೊಟ್ಟವರು ಅದನ್ನು ಓದಿದ ರೀತಿಯಲ್ಲಿ ಮೋಸವಿದೆ. ಯಂತ್ರವನ್ನು ನಿಮ್ಮ ಕಲ್ಲಿನ ಬದಲು ಪಕ್ಕದ ಹೊಲದ ಬದುವಿಗೆ ಒತ್ತಿದ್ದರೂ, ನವಲಗುಂದದ ಎರೆಮಣ್ಣಿಗೆ ಒತ್ತಿದ್ದರೂ, ಹುಬ್ಬಳ್ಳಿಯಲ್ಲಿ ಮನೆಯ ಪಾಯಕ್ಕೆ ತಂದು ಸುರಿದ ಬೂದುಗಲ್ಲಿಗೆ ಒತ್ತಿದ್ದರೂ ಇದೇ ಹೆಸರುಗಳು ಬರುತ್ತಿದ್ದವು. ಅಂಕಿಗಳು ಒಂದಷ್ಟು ಆಚೀಚೆ ಆಗುತ್ತಿದ್ದವು, ಅಷ್ಟೇ. ಭೂಮಿಯ ಹೊರಪದರಕ್ಕೆ, ಅಂದರೆ ಭೂಕವಚಕ್ಕೆ, ಇರುವುದೇ ಈ ಸಾಮಾನುಗಳು.

ಒಂದು ಸಣ್ಣ ಲೆಕ್ಕ ಮಾಡಿ. ಚೀಟಿಯಲ್ಲಿರುವ ಅಂಕಿಗಳನ್ನು ಕೂಡಿಸಿ. 46ರ ಆಸುಪಾಸು ಬರುತ್ತದೆ. ನೂರಕ್ಕೆ ಇನ್ನು 54 ಎಲ್ಲಿ ಹೋಯಿತು? ಬಂದವರನ್ನು ಈ ಪ್ರಶ್ನೆ ಕೇಳಿ ಅವರ ಮುಖ ನೋಡಿ. ಉತ್ತರ ಇಷ್ಟು: ಅದರಲ್ಲಿ ಬಹುಪಾಲು ಆಮ್ಲಜನಕ. ನಾವು ಉಸಿರಾಡುವ ಅದೇ ಆಮ್ಲಜನಕ ಕಲ್ಲಿನೊಳಗೆ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣಗಳ ಜೊತೆ ಬಿಗಿಯಾಗಿ ಹೆಣೆದುಕೊಂಡು ಕೂತಿರುತ್ತದೆ. ಅಷ್ಟು ಹಗುರವಾದ ಧಾತುವನ್ನು ಈ ಕೈಯಂತ್ರ ಕಾಣಲಾರದು. ಸೋಡಿಯಂನ್ನೂ ಕಾಣದು, ಮೆಗ್ನೀಸಿಯಂನ್ನು ಕಂಡರೂ ಮಸುಕಾಗಿ ಕಾಣುತ್ತದೆ.

ಭೂಕವಚದ ಒಟ್ಟು ತೂಕದಲ್ಲಿ ಆಮ್ಲಜನಕ ಸುಮಾರು ಶೇ 46.6, ಸಿಲಿಕಾನ್ ಶೇ 27.7, ಅಲ್ಯೂಮಿನಿಯಂ ಶೇ 8.1, ಕಬ್ಬಿಣ ಶೇ 5, ಕ್ಯಾಲ್ಸಿಯಂ ಶೇ 3.6, ಸೋಡಿಯಂ ಶೇ 2.8, ಪೊಟ್ಯಾಸಿಯಂ ಶೇ 2.6, ಮೆಗ್ನೀಸಿಯಂ ಶೇ 2.1. ಈ ಎಂಟೇ ಸೇರಿ ಶೇ 98 ದಾಟುತ್ತದೆ. ತೂಕದ ಬದಲು ಗಾತ್ರದ ಲೆಕ್ಕ ಹಿಡಿದರೆ ಆಮ್ಲಜನಕವೊಂದೇ ಶೇ 90ಕ್ಕೂ ಹೆಚ್ಚು ಜಾಗ ಹಿಡಿದಿದೆ. ನಾವು ನೇಗಿಲು ಹೂಡುವ ನೆಲ ಬಹುಪಾಲು ಆಮ್ಲಜನಕದ ಪರಮಾಣುಗಳ ರಾಶಿ ಎನ್ನುವುದನ್ನು ಮೊದಲ ಸಲ ಓದಿದ ದಿನ ನಾನು ಹೊಲದ ಹೆಂಟೆಯೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದೆ. ಹೈಸ್ಕೂಲಿನ ಭೂಗೋಳ ಪಾಠದಲ್ಲಿ "ಸಿಯಾಲ್" ಎಂಬ ಪದ ಬರುತ್ತಿತ್ತು, ನೆನಪಿದೆಯೇ? ಸಿಲಿಕಾನ್‌ನ ಸಿ, ಅಲ್ಯೂಮಿನಿಯಂನ ಅಲ್. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಆ ಪದವನ್ನೇ ಈಗ ಯಂತ್ರ ಮುದ್ರಿಸಿ ಕೊಟ್ಟಿದೆ.

ಇಂಥ ಸರಾಸರಿಯನ್ನು ಯಾರು, ಹೇಗೆ ತೆಗೆದರು ಎಂಬ ಅನುಮಾನ ಬರುವುದು ಸಹಜ. ಮನುಷ್ಯ ಅತಿ ಆಳಕ್ಕೆ ಕೊರೆದದ್ದು ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ, 12,262 ಮೀಟರ್. ನಮ್ಮ ಕಾಲ ಕೆಳಗಿನ ಭೂಕವಚ ಅದಕ್ಕಿಂತ ಮೂರು ಪಟ್ಟು ದಪ್ಪವಾಗಿದೆ. ಆದರೆ ಒಂದು ಕಾಲದಲ್ಲಿ ಆಳದಲ್ಲಿದ್ದ ಕಲ್ಲುಗಳು ಮೇಲಿನ ಪದರ ಸವೆದ ಕಡೆಗಳಲ್ಲಿ ತಾವಾಗಿಯೇ ಮೇಲೆ ಕಾಣಿಸಿಕೊಂಡಿವೆ. ಅಮೆರಿಕದ ಎಫ್. ಡಬ್ಲ್ಯು. ಕ್ಲಾರ್ಕ್ ಮತ್ತು ಎಚ್. ಎಸ್. ವಾಷಿಂಗ್ಟನ್ 1924ರಲ್ಲಿ ಲೋಕದ ನಾನಾ ಕಡೆಯ 5,159 ಕಲ್ಲುಗಳ ರಾಸಾಯನಿಕ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ ಸರಾಸರಿ ಹಾಕಿದರು. ಗೋಲ್ಡ್‌ಸ್ಮಿಟ್ ಎಂಬ ವಿಜ್ಞಾನಿ ಇನ್ನೂ ಸರಳ ದಾರಿ ಹಿಡಿದರು. ನಾರ್ವೆಯಲ್ಲಿ ಹಿಮನದಿಗಳು ವಿಶಾಲ ಪ್ರದೇಶದ ಕಲ್ಲುಗಳನ್ನೆಲ್ಲ ಅರೆದು ನುಣ್ಣನೆಯ ಜೇಡಿಮಣ್ಣು ಮಾಡಿ ಬಿಟ್ಟಿದ್ದವು. ಪ್ರಕೃತಿಯೇ ಬೀಸಿ ಕಲಸಿಟ್ಟ ಆ ಹಿಟ್ಟನ್ನು ಪರೀಕ್ಷಿಸಿದಾಗಲೂ ಹೆಚ್ಚುಕಡಿಮೆ ಅದೇ ಅಂಕಿಗಳು ಬಂದವು. ಅಂದಿನಿಂದ ಉಪಕರಣಗಳು ಎಷ್ಟೋ ಸುಧಾರಿಸಿವೆ, ಮೊದಲ ಎಂಟು ಹೆಸರುಗಳು ಮಾತ್ರ ಅವೇ ಇವೆ.

ಇನ್ನು ನಿಮ್ಮ ಕಲ್ಲು. ಕಬ್ಬಿಣ 9, ಕ್ಯಾಲ್ಸಿಯಂ 6.5, ಸಿಲಿಕಾನ್ 23 ಎಂಬ ಮೂರು ಅಂಕಿಗಳನ್ನು ಕಂಡರೆ ಯಾವ ಭೂವಿಜ್ಞಾನಿಯೂ ಕಲ್ಲನ್ನು ನೋಡದೆಯೇ "ಬಸಾಲ್ಟ್", ಅಂದರೆ ಲಾವಾ ಹೆಪ್ಪುಗಟ್ಟಿ ಆದ ಕಲ್ಲು, ಎನ್ನುತ್ತಾನೆ. ನೀವು ಹೇಳಿದ ಹಸಿರು ಛಾಯೆ ಸೇರಿದರೆ ಅನುಮಾನವೇ ಉಳಿಯುವುದಿಲ್ಲ. ಸುಮಾರು 260ರಿಂದ 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಲಾವಾ ಉಕ್ಕಿ ಹೆಪ್ಪುಗಟ್ಟಿತು. ನೀರಿನೊಳಗೆ ಉಕ್ಕಿದ ಲಾವಾ ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಅಂಥ ದಿಂಬುಕಲ್ಲುಗಳನ್ನು ಇಂದಿಗೂ ಕಣ್ಣಾರೆ ನೋಡಬಹುದು. ಮುಂದೆ ಆ ಲಾವಾ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ರೂಪ ಬದಲಿಸಿತು. ಕ್ಲೋರೈಟ್ ಎಂಬ ಹಸಿರು ಖನಿಜ ಅದರಲ್ಲಿ ಬೆಳೆದು ಕಲ್ಲು ಪದರುಪದರಾಗಿ, ಉಗುರಿಗೂ ಸ್ವಲ್ಪ ಜಗ್ಗುವಷ್ಟು ಮೆತ್ತಗಾಯಿತು. ಇದರದೇ ದಾಯಾದಿ ಕಲ್ಲುಗಳನ್ನು ಕಡೆದು ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯನ್ನು ಕಟ್ಟಿದ್ದಾರೆ. ಬಾಗಿಲವಾಡದ ಮೇಲಿನ ಆ ಕೂದಲೆಳೆಯಂಥ ಕೆತ್ತನೆ ಬೂದು ಗ್ರಾನೈಟಿನಲ್ಲಿ ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ಹೊಂಡದ ಕಲ್ಲಿಗೆ ಯಾವ ಬೆಲೆಯೂ ಇಲ್ಲವೆಂದು ಯಾರಾದರೂ ಅಂದರೆ ಲಕ್ಕುಂಡಿಗೆ ಕರೆದುಕೊಂಡು ಹೋಗಿ ತೋರಿಸಿ.

ಈ ಬಗೆಯ ಹಳೆಯ ಪದರುಕಲ್ಲುಗಳಿಗೆ 1880ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರಿಟ್ಟರು. ಇಂದು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನ ವಿದ್ಯಾರ್ಥಿಯಾದರೂ ಪೇಡೆ ತಿನ್ನದೆಯೇ ಧಾರವಾಡದ ಹೆಸರು ಕಲಿಯುತ್ತಾನೆ. ರಾಣೆಬೆನ್ನೂರಿನ ಹೆಸರೂ ಹೀಗೆಯೇ ಒಂದು ಶಿಲಾಸಮೂಹಕ್ಕೆ ಅಂಟಿಕೊಂಡಿದೆ.

ಹೀಗಾಗಿ "ಅಲ್ಯೂಮಿನಿಯಂ ಶೇ 7 ಇದೆ" ಎಂಬುದು ಸುದ್ದಿಯೇ ಅಲ್ಲ. ಅದು ಲೋಕದ ಸರಾಸರಿಗಿಂತಲೂ ಕಡಿಮೆ. ನಿಮ್ಮ ಒಂದು ಎಕರೆಯನ್ನು ಒಂದು ಮೀಟರ್ ಆಳಕ್ಕೆ ಅಗೆದರೆ ಸುಮಾರು 11,000 ಟನ್ ಕಲ್ಲು ಬರುತ್ತದೆ. ಅದರಲ್ಲಿ 770 ಟನ್ ಅಲ್ಯೂಮಿನಿಯಂ, 990 ಟನ್ ಕಬ್ಬಿಣ. ಹೀಗೆ ಹೇಳಿದರೆ ಯಾರ ಎದೆಯಾದರೂ ಒಮ್ಮೆ ಹೊಡೆದುಕೊಳ್ಳುತ್ತದೆ, ದಲ್ಲಾಳಿಗಳು ಹೀಗೆಯೇ ಹೇಳುತ್ತಾರೆ. ಆದರೆ ಆ ಅಲ್ಯೂಮಿನಿಯಂ ಇರುವುದು ಫೆಲ್ಡ್‌ಸ್ಪಾರ್, ಕ್ಲೋರೈಟ್, ಜೇಡಿಯಂಥ ಖನಿಜಗಳ ಒಳಗೆ, ಸಿಲಿಕಾನ್ ಮತ್ತು ಆಮ್ಲಜನಕಗಳ ಬಿಡಿಸಲಾಗದ ಗಂಟಿನಲ್ಲಿ. ಗಂಟು ಬಿಡಿಸುವುದಕ್ಕೆ ತಗಲುವ ವಿದ್ಯುತ್ತಿನ ಬಿಲ್ಲು ಬಿಡಿಸಿ ಬಂದ ಲೋಹದ ಬೆಲೆಯನ್ನು ಎಲ್ಲೋ ಹಿಂದೆ ಹಾಕುತ್ತದೆ. ಅದಕ್ಕೇ ಅಲ್ಯೂಮಿನಿಯಂನ್ನು ಹೆಚ್ಚುಕಡಿಮೆ ಎಲ್ಲ ಕಡೆಯೂ ಬಾಕ್ಸೈಟ್‌ನಿಂದಲೇ ತೆಗೆಯುತ್ತಾರೆ. ಯುಗಗಳ ಕಾಲ ಮಳೆ ಸುರಿದು ಸಿಲಿಕಾವನ್ನು ತೊಳೆದು ಒಯ್ದ ಮೇಲೆ ಉಳಿದ ಕೆಂಪು ಗಟ್ಟಿ ಅದು. ಬಿಡಿಸುವ ಕೆಲಸದ ಮುಕ್ಕಾಲು ಪಾಲನ್ನು ಮಳೆಯೇ ಪುಕ್ಕಟೆಯಾಗಿ ಮಾಡಿಕೊಟ್ಟಿರುತ್ತದೆ. ಕಬ್ಬಿಣದ ಕಥೆಯೂ ಅದೇ. ಸಂಡೂರಿನ ಅದಿರಿನಲ್ಲಿ ಕಬ್ಬಿಣ ಶೇ 60ರ ಮೇಲಿದೆ, ನಿಮ್ಮಲ್ಲಿ 9. ಟೈಟಾನಿಯಂಗೆ ಹೋಗಬೇಕಾದದ್ದು ಕೇರಳದ ಚವರದಂಥ ಕಡಲತೀರಕ್ಕೆ. ಅಲ್ಲಿ ಅಲೆಗಳು ಇಲ್ಮೆನೈಟ್ ಎಂಬ ಭಾರದ ಕರಿ ಮರಳನ್ನು ಮೊರದಲ್ಲಿ ಕೇರಿದಂತೆ ಬೇರೆ ಮಾಡಿ ಗುಡ್ಡೆ ಹಾಕಿವೆ. ನಿಮ್ಮ 0.7 ಬಸಾಲ್ಟಿಗೆ ತೀರ ಸಾಮಾನ್ಯ ಅಂಕಿ. ನಮ್ಮ ಎರೆಹೊಲಗಳಲ್ಲೂ ಟೈಟಾನಿಯಂ ಇದೆ, ಅದರಿಂದ ಯಾರೂ ವಿಮಾನ ಕಟ್ಟಿಲ್ಲ.

ಅದಿರು ಎಂಬ ಪದದ ಒಳಗೆ ಎರಡು ಶರ್ತಗಳು ಅಡಗಿವೆ: ಧಾತು ಸರಾಸರಿಗಿಂತ ಎಷ್ಟೋ ಪಟ್ಟು ಒಂದೆಡೆ ಕೂಡಿರಬೇಕು, ಮತ್ತು ಸುಲಭವಾಗಿ ಬಿಟ್ಟುಕೊಡುವ ಖನಿಜದ ರೂಪದಲ್ಲಿರಬೇಕು. ನಿಮ್ಮ ಚೀಟಿ ಇವೆರಡರಲ್ಲಿ ಎರಡನೆಯದರ ಬಗ್ಗೆ ಒಂದು ಅಕ್ಷರವನ್ನೂ ಹೇಳುವುದಿಲ್ಲ. ಅದು ಧಾತುಗಳ ಪಟ್ಟಿ. ಖನಿಜ ಯಾವುದು ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ. ಅಡುಗೆಯ ಸಾಮಾನಿನ ಪಟ್ಟಿ ನೋಡಿ ಹೋಳಿಗೆಯೋ ಚಪಾತಿಯೋ ಎಂದು ಹೇಳಲು ಬಾರದಂತೆ.

ಈಗ ಚಿನ್ನ. ನೀವು ನಿಜವಾಗಿ ಕೇಳಬೇಕೆಂದಿದ್ದದ್ದು ಇದನ್ನೇ, ಗೊತ್ತಿದೆ.

ನಿಮ್ಮ ಹೊಲದಲ್ಲಿ ಚಿನ್ನವಿದೆ. ನನ್ನ ಮನೆಯ ಹಿತ್ತಲಲ್ಲೂ ಇದೆ. ಭೂಕವಚದಲ್ಲಿ ಎಲ್ಲೇ ಹೋದರೂ ಸರಾಸರಿ ಒಂದು ಟನ್ ಕಲ್ಲಿಗೆ 1ರಿಂದ 4 ಮಿಲಿಗ್ರಾಂ ಚಿನ್ನ ಇರುತ್ತದೆ. ಅಂದರೆ ಒಂದು ಎಕರೆ, ಒಂದು ಮೀಟರ್ ಆಳ, 11,000 ಟನ್ ಕಲ್ಲಿನಲ್ಲಿ 11ರಿಂದ 44 ಗ್ರಾಂ. ತೊಲೆಯ ಲೆಕ್ಕದಲ್ಲಿ ಒಂದರಿಂದ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಆ ತೊಲೆಗಳನ್ನು ಪಡೆಯಲು ಒಂದು ಎಕರೆಯನ್ನು ಪೂರ್ತಿ ಅಗೆದು ಹಿಟ್ಟಿನಂತೆ ಬೀಸಬೇಕು. ಸುರಂಗ ತೋಡುವ ಗಣಿಗೆ ಲಾಭ ಬರಬೇಕಾದರೆ ಸಾಮಾನ್ಯವಾಗಿ ಒಂದು ಟನ್ನಿನಲ್ಲಿ ಕೆಲವು ಗ್ರಾಂ ಆದರೂ ಇರಬೇಕು, ಅಂದರೆ ಸರಾಸರಿಯ ಸಾವಿರ ಪಟ್ಟು. ಸದ್ಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅಷ್ಟರ ಮೇಲೆಯೇ ಗಣಿ ನಡೆಯುತ್ತಿದೆ.

ಚೀಟಿಯ ಚಿನ್ನದ ಸಾಲಿನಲ್ಲಿ 0.002 ಎಂದಿದೆಯಲ್ಲ, ಅದು ಸಣ್ಣದಾಗಿ ಕಾಣುತ್ತದೆ. ಬಿಡಿಸಿ ನೋಡಿದರೆ ಟನ್ನಿಗೆ 20 ಗ್ರಾಂ! ನಿಜವಾಗಿದ್ದರೆ ನಿಮ್ಮ ಎಕರೆಗೆ, ಒಂದೇ ಮೀಟರ್ ಆಳಕ್ಕೆ, 220 ಕಿಲೋ ಚಿನ್ನ. ಅಷ್ಟು ಗೊತ್ತಾದವರು ನಿಮ್ಮಿಂದ ಒಂದೂವರೆ ಲಕ್ಷ ಕೇಳುತ್ತಿರಲಿಲ್ಲ, ನಿಮಗೇ ಸಂಚಕಾರ ಕೊಡುತ್ತಿದ್ದರು. ತಾಂತ್ರಿಕ ಕಾರಣ ಬೇರೆ ಇದೆ. ಕೈಯಂತ್ರ ಕಲ್ಲಿಗೆ ಕ್ಷಕಿರಣ ಬಿಟ್ಟು, ತಿರುಗಿ ಬರುವ ಕಿರಣಗಳಿಂದ ಧಾತುವನ್ನು ಗುರುತಿಸುತ್ತದೆ. ಸತುವಿನ ಮತ್ತು ಟಂಗ್‌ಸ್ಟನ್‌ನ ಕೆಲವು ಕಿರಣಗಳು ಚಿನ್ನದ ಕಿರಣಕ್ಕೆ ಬಹಳ ಹತ್ತಿರ ಬರುತ್ತವೆ. ನಿಮ್ಮ ಕಲ್ಲಿನಲ್ಲಿ ಸತು ಇದೆ ಎಂದು ಅದೇ ಚೀಟಿ ಹೇಳುತ್ತಿದೆ. ಚಿನ್ನ ಅಷ್ಟು ಕಡಿಮೆ ಇರುವಲ್ಲಿ ಯಂತ್ರ ಕೊಡುವ ಅಂಕಿಗಿಂತ ಅದರ ತಪ್ಪಿನ ಅಂಕಿಯೇ ದೊಡ್ಡದಿರುತ್ತದೆ. ಸಾಮಾನ್ಯವಾಗಿ ಪ್ರತಿ ಅಂಕಿಯ ಪಕ್ಕದಲ್ಲಿ "ಹೆಚ್ಚು ಅಥವಾ ಕಡಿಮೆ ಇಷ್ಟು" ಎಂದು ಯಂತ್ರ ತೋರಿಸುತ್ತದೆ. ನಿಮ್ಮ ಚೀಟಿಯಲ್ಲಿ ಆ ಸಾಲು ಇಲ್ಲದಿರುವುದು ನನಗೆ ಆಕಸ್ಮಿಕವಾಗಿ ಕಾಣುತ್ತಿಲ್ಲ.

ಹಳದಿ ಚೌಕಗಳು ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿ ಆದ ಖನಿಜ ಅದು. ಚೌಕದ ಮೈಮೇಲೆ ಸಣ್ಣ ಗೀರುಗಳು ಸಾಲಾಗಿ ಕಾಣುತ್ತವೆಯೇ ನೋಡಿ. ಕಲ್ಲಿನಲ್ಲಿ ಚಿನ್ನ ಹಾಗೆ ಅಳತೆ ಹಿಡಿದು ಕತ್ತರಿಸಿದಂಥ ಚೌಕವಾಗಿ ಕೂರುವುದು ಬಲು ಅಪರೂಪ. ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಕಾಳನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ: ಚಿನ್ನ ಚಪ್ಪಟೆಯಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಹೊಳಪಿಲ್ಲದ ಪಿಂಗಾಣಿಗೆ, ಅಂದರೆ ನೆಲಹಾಸು ಟೈಲ್ಸಿನ ಹಿಂಭಾಗಕ್ಕೆ, ಉಜ್ಜಿ: ಚಿನ್ನ ಹಳದಿ ಗೆರೆ ಎಳೆಯುತ್ತದೆ, ಪೈರೈಟ್ ಹಸಿರುಗಪ್ಪು ಗೆರೆ ಎಳೆಯುತ್ತದೆ. ಪತ್ತಾರರ ಒರೆಗಲ್ಲೂ ಇದೇ ತತ್ವದ್ದು. ತೂಕವೂ ಹೇಳುತ್ತದೆ. ಸಣ್ಣ ಲೋಟದಷ್ಟು, 200 ಮಿಲಿಲೀಟರ್ ಗಾತ್ರದ ಪೈರೈಟ್ ಒಂದು ಕಿಲೋ ತೂಗಿದರೆ ಅಷ್ಟೇ ಗಾತ್ರದ ಚಿನ್ನ ನಾಲ್ಕು ಕಿಲೋಗೆ ಹತ್ತಿರ ತೂಗುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಕಾಳನ್ನು ಬೆಂಕಿಗೆ ಹಾಕಿ ಕಾಯಿಸಬೇಡಿ, ಕರಗಿಸಲು ಯಾರಿಗೂ ಕೊಡಲೂಬೇಡಿ. ಪೈರೈಟ್ ಕಾದರೆ ಗಂಧಕದ ಉಸಿರುಗಟ್ಟಿಸುವ ಹೊಗೆ ಬರುತ್ತದೆ. ಗದಗದ ಈ ಶಿಲೆಗಳಲ್ಲಿ ಪೈರೈಟಿನ ಜೊತೆ ಆರ್ಸೆನೋಪೈರೈಟ್ ಎಂಬ ಬೆಳ್ಳಿಬಣ್ಣದ ಇನ್ನೊಂದು ಖನಿಜವೂ ಇರುತ್ತದೆ. ಅದರ ಹೊಗೆಯಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಇರುತ್ತದೆ. ಬೆಳ್ಳುಳ್ಳಿಯ ವಾಸನೆ ಬಂದರೆ ತಡಮಾಡದೆ ಹೊರಗೆ ಓಡಬೇಕು. ಪಾದರಸ ಹಾಕಿ ಚಿನ್ನ ಬಿಡಿಸಿಕೊಡುತ್ತೇವೆ ಎನ್ನುವವರನ್ನು ಅಂಗಳಕ್ಕೂ ಬಿಟ್ಟುಕೊಳ್ಳಬೇಡಿ.

ಇಂಥ ಹೊಳಪುಗಳನ್ನು ಹಿಡಿದು ಬಂದವರಲ್ಲಿ ನೀವು ಮೊದಲಿಗರಲ್ಲ. ಹಾವೇರಿ ಕಡೆಯ ರೈತರೊಬ್ಬರು ಒಮ್ಮೆ ಸ್ಟೀಲಿನ ಡಬ್ಬಿಯ ತುಂಬ ಮಿನುಗುವ ತಗಡಿನಂಥ ಚೂರುಗಳನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದರು. ಮಾಸಿದ ಅಭ್ರಕ ಅದು. ನಮ್ಮ ಹಿರಿಯರು ಅದಕ್ಕೆ ಕಾಗೆಬಂಗಾರ ಎಂದು ಹೆಸರಿಟ್ಟು ಎಚ್ಚರಿಕೆಯನ್ನು ಹೆಸರಿನಲ್ಲೇ ಕಟ್ಟಿಹಾಕಿದ್ದಾರೆ. ಬೆರಳಲ್ಲಿ ಸುಲಿದರೆ ಈರುಳ್ಳಿಯ ಸಿಪ್ಪೆಯಂತೆ ಪದರು ಬಿಚ್ಚುತ್ತದೆ, ನೀರಿಗೆ ಹಾಕಿದರೆ ಮೆಲ್ಲಗೆ ತೇಲುತ್ತ ಇಳಿಯುತ್ತದೆ. ಅವರು ಡಬ್ಬಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ಇಂದಿಗೂ ನನ್ನ ಬಳಿ ಇದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಪ್ಪತಗುಡ್ಡದ ಸೀಮೆಯಲ್ಲಿ ಚಿನ್ನವಿರುವುದು ಕಟ್ಟುಕಥೆಯಲ್ಲ. ಹಿಂದೆ ಡೋಣಿ, ಸೊರಟೂರಿನ ಕಡೆಯ ಹಳ್ಳಗಳಲ್ಲಿ ಜಾಲಗಾರರು ಮಳೆಗಾಲ ಕಳೆದ ಮೇಲೆ ಮರಿಗೆಯಲ್ಲಿ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಬ್ರೂಸ್ ಫೂಟ್ 1874ರಲ್ಲೇ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದರು. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಗಳ ಸುತ್ತ ಸುರಂಗ ಕೊರೆದವು, ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿದವು.

ಚಿನ್ನ ಅಲ್ಲಿಗೆ ಬಂದ ಬಗೆಯನ್ನು ತಿಳಿದರೆ ಗಣಿಗಳು ಸೋತ ಕಾರಣವೂ ತಿಳಿಯುತ್ತದೆ. ಲಾವಾ ಕಲ್ಲಾಗಿ, ಮಡಿಚಿ, ಬಿರುಕುಬಿಟ್ಟ ಮೇಲೆ ಆಳದಿಂದ ಬಿಸಿನೀರು ಆ ಬಿರುಕುಗಳಲ್ಲಿ ಏರಿತು. ಆ ನೀರಿನಲ್ಲಿ ಗಂಧಕದ ಜೊತೆ ಸೇರಿಕೊಂಡು ಚಿನ್ನ ಕರಗಿತ್ತು. ಕಬ್ಬಿಣ ಹೆಚ್ಚಿರುವ ಕಲ್ಲು ಎದುರಾದಾಗ ಗಂಧಕ ಚಿನ್ನವನ್ನು ಬಿಟ್ಟು ಕಬ್ಬಿಣವನ್ನು ಕಟ್ಟಿಕೊಂಡಿತು. ಹಾಗೆ ಹುಟ್ಟಿದ್ದು ಪೈರೈಟ್. ಜೊತೆಗಾರನನ್ನು ಕಳೆದುಕೊಂಡ ಚಿನ್ನ ಅಲ್ಲೇ ಕಣವಾಗಿ ಉದುರಿತು, ಬಿರುಕನ್ನು ಬಿಳಿ ಬೆಣಚುಕಲ್ಲು ತುಂಬಿತು. ಆದ್ದರಿಂದ ನಿಮ್ಮ ಹೊಂಡದ ಬಿಳಿ ಗೆರೆ ಮತ್ತು ಅದರ ಅಂಚಿನ ಹಳದಿ ಚೌಕಗಳು ಅಂಥ ನೀರು ಹರಿದ ಗುರುತಾಗಿರಲು ಸಾಧ್ಯವಿದೆ. ಚಿನ್ನ ಅದರಲ್ಲಿ ಇದ್ದಿರಲೂಬಹುದು, ಬರಿಗೈಯಲ್ಲಿ ಹರಿದು ಹೋಗಿರಲೂಬಹುದು. ಹತ್ತು ಗೆರೆಗಳಲ್ಲಿ ಒಂಬತ್ತು ಬರಿಗೈಯವು. ಹತ್ತನೆಯದರಲ್ಲೂ ಒಂದು ಮಾರಿನ ಉದ್ದಕ್ಕೆ ಚಿನ್ನವಿದ್ದು ಮುಂದಿನ ಹತ್ತು ಮಾರು ಖಾಲಿ ಇರುತ್ತದೆ. ಹಳೆಯ ಕಂಪನಿಗಳ ಬಂಡವಾಳವನ್ನು ನುಂಗಿದ್ದು ಈ ಬಿಟ್ಟುಬಿಟ್ಟು ಬರುವ ಗುಣವೇ.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿಗಳಿವೆ?

ಏನೂ ಮಾಡದೆ ಇರುವುದು ಒಂದು. ನಷ್ಟವಿಲ್ಲದ ದಾರಿ. 260 ಕೋಟಿ ವರ್ಷ ಕಾದ ಕಲ್ಲು ಇನ್ನೂ ಹತ್ತು ವರ್ಷ ಕಾಯುತ್ತದೆ.

ಕುತೂಹಲ ಬಿಡದಿದ್ದರೆ ಸರಿಯಾದ ಪರೀಕ್ಷೆ ಮಾಡಿಸಿ. ಅದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯ ಬೇಕು. ಅಲ್ಲಿ ಕಲ್ಲನ್ನು ಪುಡಿಮಾಡಿ, ಸೀಸದ ಆಕ್ಸೈಡ್ ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸ ಚಿನ್ನವನ್ನೆಲ್ಲ ಒಟ್ಟುಗೂಡಿಸಿ ತಳಕ್ಕೆ ಇಳಿಯುತ್ತದೆ, ಆಮೇಲೆ ಸೀಸವನ್ನು ತೆಗೆದು ಉಳಿದ ಕಣವನ್ನು ಅಳೆಯುತ್ತಾರೆ. ಶತಮಾನಗಳಷ್ಟು ಹಳೆಯ ವಿಧಾನ, ಇಂದಿಗೂ ಚಿನ್ನಕ್ಕೆ ಇದೇ ನ್ಯಾಯಾಧೀಶ. ಇದರ ಖರ್ಚು ಚೀಟಿ ಕೊಟ್ಟ ಆತ ಕೇಳಿದ ಮೊತ್ತದ ಸಣ್ಣ ಚೂರು. ಮಾದರಿಯನ್ನು ನೀವೇ ಒಯ್ಯಿರಿ, ಮಧ್ಯೆ ಯಾರ ಕೈಗೂ ಕೊಡಬೇಡಿ. ಚಿಟಿಕೆ ಚಿನ್ನದ ಪುಡಿ ಬೆರೆಸಿ ವರದಿಯನ್ನು ಕೆಡಿಸುವುದು ಈ ವ್ಯವಹಾರದ ಅತಿ ಹಳೆಯ ಕೈಚಳಕ. ಹೊಳೆಯುವ ತುಂಡನ್ನೇ ಆರಿಸಿ ಕೊಡಬೇಡಿ. ಗೆರೆಗೆ ಅಡ್ಡಲಾಗಿ ಐದಾರು ಕಡೆ ಕೆತ್ತಿ ಬೇರೆಬೇರೆ ಚೀಲ ಮಾಡಿ. ಇದರ ಅಪಾಯವನ್ನೂ ಹೇಳುತ್ತೇನೆ: ಒಂದು ಚೀಲದಲ್ಲಿ ಒಳ್ಳೆಯ ಅಂಕಿ ಬಂದರೆ ಮನೆಯಲ್ಲಿ ನೆಮ್ಮದಿ ಇನ್ನಷ್ಟು ಕೆಡುತ್ತದೆ. ಒಂದು ಚೀಲದಿಂದ ಗಣಿಯಾಗುವುದಿಲ್ಲ. ಹತ್ತಾರು ಕಡೆ ನೂರಾರು ಅಡಿ ಕೊರೆದು ನೋಡಿದ ಮೇಲೆ ಮಾತ್ರ ಉತ್ತರ, ಆ ಉತ್ತರವೂ ಹೆಚ್ಚಾಗಿ "ಇಲ್ಲ".

ಗದಗದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಒಂದು ಅರ್ಜಿ ಬರೆದು ಕಲ್ಲು ತೋರಿಸುವುದು ಮೂರನೆಯ ದಾರಿ. ಅವ್ವನ ಹೆದರಿಕೆ ಇಲ್ಲೇ ಇರುವುದು. ಅವರಿಗೆ ಹೀಗೆ ಹೇಳಿ: ಈ ಸೀಮೆಯ ಶಿಲೆಗಳ ನಕ್ಷೆ ಸರ್ಕಾರದ ಬಳಿ ನೂರು ವರ್ಷಕ್ಕೂ ಹಿಂದಿನಿಂದ ಇದೆ. ಪೈರೈಟ್ ಸಿಕ್ಕ ಸುದ್ದಿಗೆ ಯಾರೂ ಹೊಲ ಕಿತ್ತುಕೊಳ್ಳುವುದಿಲ್ಲ. ಗಣಿ ಎಂದಾಗಬೇಕಾದರೆ ಮೊದಲು ಶೋಧನೆ, ಆಮೇಲೆ ಹರಾಜು, ಆಮೇಲೆ ಪರಿಸರ ಮತ್ತು ಅರಣ್ಯದ ಅನುಮತಿ, ಹೊಲದ ಒಡೆಯರಿಗೆ ಪರಿಹಾರ, ಹೀಗೆ ವರ್ಷಗಟ್ಟಲೆಯ ಮೆಟ್ಟಿಲುಗಳಿವೆ. ಇದರ ಮೇಲೆ ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ 2019ರಿಂದ ವನ್ಯಜೀವಿಧಾಮವಾಗಿದೆ. ಅದರ ಒಳಗೆ ಗಣಿಗೆ ಅವಕಾಶವಿಲ್ಲ, ಅಂಚಿನಲ್ಲೂ ಕಟ್ಟುಪಾಡುಗಳಿವೆ. ನಿಮ್ಮ ಸರ್ವೆ ನಂಬರು ಗಡಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಉತಾರ ಹಿಡಿದುಕೊಂಡು ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿಯಿರಿ.

ಕೊನೆಯದು, ಬಾಂಡ್ ಪೇಪರ್. ಚಿನ್ನದಂಥ ಪ್ರಮುಖ ಖನಿಜದ ಗುತ್ತಿಗೆಯನ್ನು ಕಡತ ಓಡಿಸಿ ಕೊಡಿಸುವ ಕಾಲ ಮುಗಿದಿದೆ. 1957ರ ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ ಅದು ಹರಾಜಿನಲ್ಲೇ ನಿರ್ಧಾರವಾಗುತ್ತದೆ. ಆತ ಮಾರುತ್ತಿರುವ ವಸ್ತು ಆತನ ಬಳಿ ಇಲ್ಲ. ಕಾಗದದ ಒಕ್ಕಣೆಯಲ್ಲಿ "ಭೂಮಿಯ ಮೇಲಿನ ಮತ್ತು ಕೆಳಗಿನ ಎಲ್ಲ ಹಕ್ಕು", "ಅಭಿವೃದ್ಧಿ ಕರಾರು", "ಅಧಿಕಾರ ಪತ್ರ" ಎಂಬಂಥ ಮಾತುಗಳಿದ್ದರೆ ಆತನ ಕಣ್ಣು ಕಲ್ಲಿನ ಮೇಲಲ್ಲ, ಹೊಲದ ಮೇಲಿದೆ. ಕಾಗದವನ್ನು ನಿಮ್ಮ ವಕೀಲರಿಗೆ ತೋರಿಸದೆ ಹೆಬ್ಬೆಟ್ಟಿನ ಗುರುತನ್ನೂ ಒತ್ತಬೇಡಿ. "ಸುಮ್ಮನೆ ನಾಲ್ಕು ಟ್ರ್ಯಾಕ್ಟರ್ ಕಲ್ಲು ಕಳಿಸಿ, ನಾನು ನೋಡಿಕೊಳ್ಳುತ್ತೇನೆ" ಎಂದರೆ ಅದಕ್ಕೂ ಒಪ್ಪಬೇಡಿ. ಅನುಮತಿಯಿಲ್ಲದೆ ಖನಿಜ ತೆಗೆದು ಸಾಗಿಸಿದರೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ. ಹಿಡಿದಾಗ ಟ್ರ್ಯಾಕ್ಟರಿನಲ್ಲಿ ಇರುವುದು ನೀವು, ಆತನಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ್ದು ಕೊನೆಯ ಸಾಲು, ದನಗಳ ನೀರಿನದು. ಚಿನ್ನದ ಗದ್ದಲದಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಂಡಂತಿಲ್ಲ.

ನೆಲದಾಳದಲ್ಲಿ ಗಾಳಿ ಸೋಕದೆ ಇದ್ದಾಗ ಪೈರೈಟ್ ತಣ್ಣಗೆ ಮಲಗಿರುತ್ತದೆ. ಅಗೆದು ಮೇಲೆ ಹಾಕಿದಾಗ ಗಾಳಿ, ನೀರು ಸೇರಿ ಅದು ತುಕ್ಕು ಹಿಡಿಯುತ್ತದೆ, ಗಂಧಕಾಮ್ಲ ಹುಟ್ಟುತ್ತದೆ. ಆರ್ಸೆನೋಪೈರೈಟ್ ಇದ್ದರೆ ಆರ್ಸೆನಿಕ್ ನೀರಿಗೆ ಬಿಡುತ್ತದೆ. ಸಮಾಧಾನದ ಸಂಗತಿಯೆಂದರೆ ನಿಮ್ಮ ಬಗೆಯ ಹಸಿರು ಕಲ್ಲಿನಲ್ಲಿ ಸಾಮಾನ್ಯವಾಗಿ ಸುಣ್ಣದ ಖನಿಜಗಳೂ ಇರುತ್ತವೆ. ಅವು ಆಮ್ಲವನ್ನು ಹುಟ್ಟಿದಲ್ಲೇ ತಣಿಸುತ್ತವೆ. ಕಲ್ಲಿನ ಮೇಲೆ ನಿಂಬೆರಸ ಅಥವಾ ವಿನಿಗರ್ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಸುಣ್ಣವಿದೆ. ಗುಳ್ಳೆ ಏಳದಿದ್ದರೆ ಕಲ್ಲನ್ನು ಪುಡಿಮಾಡಿ ಇನ್ನೊಮ್ಮೆ ನೋಡಿ. ಆದರೆ ಸುಣ್ಣ ಆಮ್ಲವನ್ನು ತಣಿಸಿದರೂ ಆರ್ಸೆನಿಕ್‌ ಅನ್ನು ಪೂರ್ತಿ ತಡೆಯುತ್ತದೆಂಬ ಭರವಸೆ ಇಲ್ಲ. ನೀರಿನಲ್ಲಿ ಕರಗಿದಾಗ ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ.

ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಚಿಂತೆ ಬಹುಪಾಲು ಕಡಿಮೆ, ನೀರು ಕಲ್ಲನ್ನು ಮುಟ್ಟುವುದಿಲ್ಲ. ಹಾಸಿಲ್ಲದಿದ್ದರೆ ಹಾಸಿ. ಅಗೆದು ಬದುವಿನ ಮೇಲೆ ಒಟ್ಟಿದ ಹಳದಿ ಚೌಕದ ಕಲ್ಲುಗಳನ್ನು ಹೊಂಡದ ಏರುಭಾಗದಿಂದ ತೆಗೆದು ಇಳಿಜಾರಿನ ಕೆಳಗೆ, ಬಾವಿಯಿಂದ ದೂರದಲ್ಲಿ ಗುಡ್ಡೆ ಮಾಡಿ, ಮೇಲೆ ದಪ್ಪನಾಗಿ ಮಣ್ಣು ಮುಚ್ಚಿ ಬಡಿಯಿರಿ. ಮಳೆ ಬಿದ್ದ ಮೇಲೆ ಆ ಕಡೆಯಿಂದ ತುಕ್ಕಿನ ಬಣ್ಣದ ನೀರು ಒಸರಿದರೆ ದನಗಳನ್ನು ಅತ್ತ ಬಿಡಬೇಡಿ.

ಪರೀಕ್ಷೆಗೆ ದುಡ್ಡು ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ವಿಚಾರಿಸಿ. ಆಮ್ಲತೆ, ಕಬ್ಬಿಣ, ಸಲ್ಫೇಟ್, ಆರ್ಸೆನಿಕ್, ಫ್ಲೋರೈಡ್ ಐದನ್ನೂ ಹೆಸರು ಹೇಳಿ ಕೇಳಿ, ಇಲ್ಲದಿದ್ದರೆ ಸಾಮಾನ್ಯ ಪರೀಕ್ಷೆ ಮಾಡಿ ಕಳಿಸುತ್ತಾರೆ. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಫ್ಲೋರೈಡನ್ನು ಸೇರಿಸಿದ್ದು ಏಕೆಂದರೆ ಪಕ್ಕದ ಮುಂಡರಗಿ ತಾಲ್ಲೂಕಿನಲ್ಲಿ ಅದರ ಕಾಟ ಗೊತ್ತಿದ್ದದ್ದೇ. ಅದು ಬರುವುದೂ ಕಲ್ಲಿನ ಖನಿಜಗಳಿಂದಲೇ, ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಗಳಲ್ಲಿರುವ ಅಪಟೈಟ್, ಕಪ್ಪು ಅಭ್ರಕಗಳಿಂದ. ಹೊಂಡದಿಂದ ಒಂದು, ನೀವು ಕುಡಿಯುವ ಕೊಳವೆಬಾವಿಯಿಂದ ಒಂದು, ಎರಡು ಬಾಟಲಿ ತುಂಬಿ. ಬಾಟಲಿಗಳನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಬಾಯಿಯವರೆಗೆ ತುಂಬಿ, ಯಾವುದು ಎಲ್ಲಿಯದು ಎಂದು ಬರೆದು, ಅದೇ ದಿನ ಮುಟ್ಟಿಸಿ. ವರದಿ ಬರುವವರೆಗೆ ದನಗಳಿಗೆ ಊರಿನ ತೊಟ್ಟಿಯ ನೀರೇ ಇರಲಿ.